ಮನೆವಾರ್ತೆ: ನೀರನ್ನು ನಿಲ್ಲಿಸುವವರು

"ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ" ಎಂಬ ಗಾದೆಯನ್ನು ನಮ್ಮ ಹಿರಿಯರು ಮುಂದಾಲೋಚನೆಯಿಲ್ಲದವರನ್ನು ಕುರಿತು ಆಡುತ್ತಿದ್ದರು. ಸಕಾಲದಲ್ಲಿ ಬಾವಿ ತೋಡದವರನ್ನು ಅವರು ಬಲ್ಲವರಾಗಿದ್ದರು. ಇದ್ದ ಬಾವಿಯನ್ನು ಹಣ ಕೊಟ್ಟು ಮುಚ್ಚಿಸಿದವರನ್ನು ಪ್ರಾಯಶಃ ಕಂಡಿರಲಿಲ್ಲ. ಅಂತಹವನೊಬ್ಬನು ಈ ತಿಂಗಳ ಪುಟವನ್ನು ಬರೆಯುತ್ತಿದ್ದಾನೆಂದು ವಾಚಕರಲ್ಲಿ ಮೊದಲೇ ಒಪ್ಪಿಕೊಂಡುಬಿಡುವುದು ಲೇಸು.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ೬೦ ಅಡಿ ಉದ್ದ, ೪೦ ಅಡಿ ಅಗಲದ ನಿವೇಶನದಲ್ಲಿ ನಮ್ಮ ಮನೆಯಿದೆ. ಅದರ ಹಿತ್ತಿಲಿನಲ್ಲಿ ನಮ್ಮ ತಂದೆಯವರು ತೋಡಿಸಿದ ಬಾವಿಯೊಂದಿದ್ದಿತು. ಮನೆಯೊಳಕ್ಕೆ ಕಾವೇರಿಯ ನಲ್ಲಿ ಬಂದ ಮೇಲೆ ಅದರಲ್ಲಿ ಸೇದುವವರಿಲ್ಲದೆ ಹೋಯಿತು. ಸೇದದ ಬಾವಿ ಕೆಡುವುದು. ಕೆಟ್ಟ ಬಾವಿ ಸೊಳ್ಳೆಗೆ ತವರು. ಗಾಡಿ ನಿಲ್ಲಿಸುವುದಕ್ಕೆ ಜಾಗವೂ ಬೇಕಾಯಿತು. ನಾಲ್ಕು ಲಾರಿ ಮಣ್ಣು ತರಿಸಿ ಬಾವಿಯನ್ನು ತುಂಬಿಸಿದೆನು. ಅಂಗಳಕ್ಕೂ ಹಿತ್ತಿಲಿಗೂ ಒಂದೇ ಸಮನಾಗಿ ಕಾಂಕ್ರೀಟು ಹಾಕಿಸಿದೆನು. ಇನ್ನು ಕೆಸರಿನ ಕಾಟವಿಲ್ಲವೆಂದು ಹಿಗ್ಗಿದೆನು. ನಮ್ಮ ತಾಯಿಯವರು ಏನೂ ಆಡಲಿಲ್ಲ. ಮರುವರ್ಷ ಸೊಸೆಯ ಬಾಣಂತನ ಮುಗಿದು ಗಂಗೆಪೂಜೆಯ ದಿನ ಬಂದಾಗ ಮಾತ್ರ, ನಲ್ಲಿಯ ಬುಡದಲ್ಲಿ ಕೊಡವನ್ನಿಟ್ಟು ಅರಿಸಿನ ಕುಂಕುಮ ಹಚ್ಚುತ್ತ, "ಗಂಗಮ್ಮ ಎಲ್ಲಿಂದಲೋ ಬರುತ್ತಾಳಪ್ಪ, ಬರುವಷ್ಟು ಹೊತ್ತಿನಲ್ಲೇ ಪೂಜೆ ಮುಗಿಸಿಬಿಡೋಣ" ಎಂದರು.

೨೦೨೪ರ ಬೇಸಿಗೆಯಲ್ಲಿ ಆ ಮಾತು ನಿಜವಾಯಿತು. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದಿತು. ನಗರದಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದುವು. ಕುಡಿಯುವ ನೀರಿನಿಂದ ಗಾಡಿ ತೊಳೆದವರಿಗೂ ತೋಟಕ್ಕೆ ಹಾಯಿಸಿದವರಿಗೂ ೫,೦೦೦ ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ನಾವು ಟ್ಯಾಂಕರಿನವನ ದಾರಿ ಕಾಯುತ್ತ ಕುಳಿತೆವು. ಅದೇ ವರ್ಷದ ಅಕ್ಟೋಬರಿನಲ್ಲಿ ಮಳೆ ಸುರಿದು, ಅಂಗಳದ ನೀರು ಹೋಗಲು ದಾರಿಯಿಲ್ಲದೆ ನಮ್ಮ ನಡುಮನೆಗೆ ನುಗ್ಗಿತು. ಆರೇಳು ತಿಂಗಳ ಅಂತರದಲ್ಲಿ ಒಂದೇ ಮನೆಯವರು ನೀರಿಲ್ಲವೆಂದು ಒಮ್ಮೆ, ನೀರು ಹೆಚ್ಚಾಯಿತೆಂದು ಒಮ್ಮೆ ಅಳುವುದಾದರೆ, ದೋಷವು ಆಕಾಶದಲ್ಲಿಲ್ಲವೆಂಬುದು ನನ್ನಂತಹ ಮಂದನಿಗೂ ಹೊಳೆಯಿತು.

ವಾಚಕರು ದಯವಿಟ್ಟು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬೇಕು. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ೬೦-೪೦ರ ನಿವೇಶನವೆಂದರೆ ಸುಮಾರು ೨೨೩ ಚದರ ಮೀಟರು. ಬೆಂಗಳೂರಿನಲ್ಲಿ ಸಾಧಾರಣವಾದ ವರ್ಷದಲ್ಲಿ ೯೦೦ ಮಿಲಿಮೀಟರಿಗೆ ಕಡಮೆಯಿಲ್ಲದ ಮಳೆಯಾಗುವುದು. ಗುಣಿಸಿದರೆ ೨ ಲಕ್ಷ ಲೀಟರು. ದಿನಕ್ಕೆ ತಲೆಗೆ ೧೩೫ ಲೀಟರು ಎಂಬ ಸರಕಾರದ ಮಾನದಂಡದಂತೆ ನಾಲ್ಕು ಜನರ ಸಂಸಾರಕ್ಕೆ ವರ್ಷಕ್ಕೆ ಬೇಕಾದುದೂ ಹೆಚ್ಚುಕಡಮೆ ಅಷ್ಟೇ! ಬಿದ್ದುದೆಲ್ಲವೂ ಕೈಗೆ ಸಿಕ್ಕುವುದಿಲ್ಲ, ಆವಿಯಾಗುವುದು, ಸೋರುವುದು, ನಿಜ. ಆದರೂ ನಾವು ಮಾಡುತ್ತಿದ್ದುದೇನು? ೧೯೭೪ರಿಂದೀಚೆಗೆ ಸುಮಾರು ೧೦೦ ಕಿಲೋಮೀಟರು ದೂರದಿಂದ, ಸುಮಾರು ೫೦೦ ಮೀಟರು ಎತ್ತರಕ್ಕೆ ಯಂತ್ರಗಳ ಬಲದಿಂದ ಎತ್ತಿ ತಂದ ಕಾವೇರಿಯನ್ನು ಬಳಸಿಕೊಂಡು, ತಲೆಯ ಮೇಲೆ ತಾನಾಗಿ ಬಿದ್ದ ನೀರನ್ನು ಮೋರಿಗೆ ಕಳುಹಿಸುತ್ತಿದ್ದೆವು.

ನೀರನ್ನು ತರುವವರು ನಮಗೆ ಇದ್ದಾರೆ. ಹೊರಕ್ಕೆ ಸಾಗಿಸುವವರೂ ಇದ್ದಾರೆ. ಇಬ್ಬರಿಗೂ ನಾವು ಹಣ ಕೊಡುವೆವು. ಬಂದ ನೀರನ್ನು ಇದ್ದಲ್ಲಿಯೇ ನಿಲ್ಲಿಸುವವರು ಯಾರು? ಹಿಂದೆ ಹಳ್ಳಿಯಲ್ಲಿ ಆ ಕೆಲಸಕ್ಕೆ ಜನವಿದ್ದಿತು. ಕೆರೆಯ ತೂಬನ್ನು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟೆಂದು ಹಂಚುವ ನೀರುಗಂಟಿಯಿದ್ದನು. ನೆಲವನ್ನು ನೋಡಿ ಕೆರೆ ಬಾವಿಗಳನ್ನು ತೋಡುವ ಭೋವಿ ಜನರಿದ್ದರು. ಅವರಲ್ಲಿ ಮಣ್ಣಿನ ಕೆಲಸದವರಿಗೆ ಮಣ್ಣುವಡ್ಡರೆಂದೇ ಹೆಸರು. ಈಗಿನ ನಗರದಲ್ಲಿ ಇವರ ಜೊತೆಗೆ ಇನ್ನೊಂದು ವೃತ್ತಿಯವರು ಸೇರಿದ್ದಾರೆ. ಅವರನ್ನು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರೆಂದು ಕರೆಯುವರು, ಕನ್ನಡದಲ್ಲಿ ನೆಲವಿನ್ಯಾಸಗಾರರೆನ್ನಬಹುದು. ಇವರು ಹೂಗಿಡಗಳನ್ನು ಅಂದವಾಗಿ ಇಡುವವರಷ್ಟೆ ಎಂದು ನಾನು ತಿಳಿದಿದ್ದೆನು. ಅವರಲ್ಲಿ ನೀರು, ಮಣ್ಣು, ಗಿಡ, ಜೀವಿಗಳ ಸಂಬಂಧವನ್ನು ಅರಿತು ಕೆಲಸ ಮಾಡುವವರು ಇರುವರೆಂಬುದು ಸ್ನೇಹಿತರೊಬ್ಬರ ಮೂಲಕ ತಿಳಿಯಿತು. ಅವರು ಹೇಳಿ ಕಳುಹಿಸಿದ ಹೆಣ್ಣುಮಗಳೊಬ್ಬಳು ೨೦೨೫ರ ಆರಂಭದಲ್ಲಿ ನಮ್ಮ ಮನೆಗೆ ಬಂದಳು.

ಆಕೆ ಹೂವಿನ ಮಾತನ್ನೇ ಎತ್ತಲಿಲ್ಲ. ಮೊದಲು ಮಾಳಿಗೆಯನ್ನು ಹತ್ತಿ ಮಳೆನೀರಿನ ಕೊಳವೆಗಳು ಎಲ್ಲೆಲ್ಲಿ ಇಳಿದಿವೆಯೆಂದು ನೋಡಿದಳು. ಮೂಲೆಯಲ್ಲಿ ಒಂದು ಪೀಪಾಯಿಯಿದ್ದಿತು. ೨೦೦೯ರ ಕಾನೂನಿನಂತೆ ಇಷ್ಟಗಲದ ನಿವೇಶನದ ಹಳೆಯ ಮನೆಗಳೂ ಮಳೆನೀರನ್ನು ಹಿಡಿಯಲೇಬೇಕಾದುದರಿಂದ ನಾನು ಹೆಸರಿಗೆಂದು ಇಡಿಸಿದ್ದುದು ಅದು. ಅದನ್ನು ನೋಡಿ ಆಕೆ ನಕ್ಕು ಸುಮ್ಮನಾದಳು. ಬಳಿಕ ಒಂದು ಕೊಡ ನೀರನ್ನು ಬಾಗಿಲ ಮುಂದೆ ಸುರಿದು, ಅದು ಹರಿದ ದಾರಿಯನ್ನು ಸೀಮೆಸುಣ್ಣದಿಂದ ಗುರುತಿಟ್ಟಳು. ನಾನು ಸಮತಟ್ಟೆಂದು ನಂಬಿದ್ದ ಅಂಗಳವು ಮನೆಯ ಕಡೆಗೇ ಇಳಿದಿದ್ದಿತು! ಆಮೇಲೆ ನಮ್ಮ ತಾಯಿಯವರ ಬಳಿ ಕುಳಿತು, "ಅಜ್ಜಿ, ಮೊದಲೆಲ್ಲ ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತಿತ್ತು?" ಎಂದು ಕೇಳಿದಳು. ತಾಯಿಯವರು ಎದ್ದು ಹೋಗಿ ಕೋಲಿನಿಂದ ಈಶಾನ್ಯದ ಮೂಲೆಯನ್ನು ತೋರಿಸಿದರು. ಅಷ್ಟು ವರ್ಷಗಳಲ್ಲಿ ನಾನು ಅವರನ್ನು ಕೇಳದಿದ್ದ ಪ್ರಶ್ನೆಯದು.

ಹಳೆಯ ಬಾವಿಯನ್ನೇ ಮತ್ತೆ ತೆಗೆಸಬಹುದೆಂದು ಆಕೆಯ ಎಣಿಕೆ. ನನಗೂ ಅದೇ ಆಸೆ. ಆದರೆ ಆಕೆಯ ಸಂಗಡ ಬಂದಿದ್ದ ಬಾವಿ ತೋಡುವ ಹಿರಿಯನು ಆ ಜಾಗದ ಕಾಂಕ್ರೀಟನ್ನು ಒಂದೆಡೆ ಒಡೆಸಿ, ಕೆಳಗಿನ ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡಿ ಒಪ್ಪಲಿಲ್ಲ. "ಬೇಡಿ ಸ್ವಾಮಿ, ಇದು ತುಂಬಿದ ಮಣ್ಣು. ಇಳಿದವನ ಮೇಲೆ ಕುಸಿಯುತ್ತೆ. ಗೋಡೆಯೂ ಪಕ್ಕದಲ್ಲೇ ಇದೆ. ಮುಚ್ಚಿದ್ದು ಮುಚ್ಚಿಹೋಯಿತು" ಎಂದನು. ತಂದೆಯವರ ಬಾವಿ ಹೋಯಿತೆಂದು ಅಂದು ನನಗೆ ಖಂಡಿತವಾಯಿತು. ನಾಲ್ಕು ಲಾರಿ ಮಣ್ಣಿನಿಂದ ಒಂದೇ ದಿನದಲ್ಲಿ ಆದುದನ್ನು ಎಷ್ಟು ಹಣ ಸುರಿದರೂ ಹಿಂದಕ್ಕೆ ತರಲಾಗಲಿಲ್ಲ. ಓದಿದ ಆ ವಿನ್ಯಾಸಗಾರ್ತಿಯು ತನ್ನ ನಕ್ಷೆಯನ್ನು ತಿದ್ದಿಕೊಂಡು, "ಅಪ್ಪಾಜಿ ಹೇಳಿದ ಹಾಗೇ ಆಗಲಿ" ಎಂದಳು. ಒಬ್ಬರದು ಕಲಿತ ವಿದ್ಯೆ, ಒಬ್ಬರದು ಕೈಯಲ್ಲಿ ಬಂದ ವಿದ್ಯೆ. ಇವೆರಡೂ ಒಂದನ್ನೊಂದು ಗೌರವಿಸಿದಲ್ಲಿ ಕೆಲಸ ಕೆಡುವುದಿಲ್ಲ.

ಹೊಸ ಇಂಗುಬಾವಿಯನ್ನು ತಾಯಿಯವರು ತೋರಿಸಿದ ಮೂಲೆಯಲ್ಲಿ, ಗೋಡೆಗೂ ಮಲಗುಂಡಿಗೂ ದೂರವಾಗಿ ತೋಡಿದರು. ೩ ಅಡಿ ಅಗಲ, ೨೫ ಅಡಿ ಆಳ. ಒಳಗೆ ಸಿಮೆಂಟಿನ ಬಳೆಗಳನ್ನು ಒಂದರ ಮೇಲೊಂದು ಇಳಿಸಿದರು. ನೀರು ಸುತ್ತಲಿನ ಮಣ್ಣಿಗೆ ಇಂಗಲೆಂದು ಬಳೆಗಳ ನಡುವೆ ಗಾರೆ ಮೆತ್ತಲಿಲ್ಲ. ಇದು ಸುಮಾರು ೫,೦೦೦ ಲೀಟರು ಹಿಡಿಯುವುದು. ನಮ್ಮ ೧,೨೦೦ ಚದರ ಅಡಿಯ ಮಾಳಿಗೆಯ ಮೇಲೆ ಒಂದು ದಿನದಲ್ಲಿ ೫೦ ಮಿಲಿಮೀಟರು ಮಳೆ ಬಿದ್ದರೆ ಒಮ್ಮೆ ತುಂಬುವಷ್ಟು. ಮಾಳಿಗೆಯ ನೀರು ಜಲ್ಲಿ ಮರಳುಗಳ ಮೂಲಕ ಶೋಧಿಸಿ ಒಳಕ್ಕೆ ಇಳಿಯುವುದು. ಧೂಳು ತೊಳೆದು ಬರುವ ಮೊದಲ ಮಳೆಯ ನೀರನ್ನು ಮಾತ್ರ ಹೊರಕ್ಕೆ ಬಿಡುವೆವು. ಮಕ್ಕಳಿರುವ ಮನೆಯಾದುದರಿಂದ ಬಾಯಿಗೆ ಭದ್ರವಾದ ಕಬ್ಬಿಣದ ಜಾಲರಿಯಿದೆ.

ಉಳಿದ ಕೆಲಸವೆಲ್ಲ ನೆಲದ್ದು. ಗಾಡಿಯ ಚಕ್ರ ಹೋಗುವಷ್ಟು ಜಾಗವನ್ನುಳಿದು ಕಾಂಕ್ರೀಟನ್ನು ಒಡೆಸಿದೆವು. ಇಳಿಜಾರಿಗೆ ಅಡ್ಡವಾಗಿ ಗೇಣುದ್ದ ಆಳದ ತಗ್ಗೊಂದನ್ನು ತೆಗೆದರು. ಓಡುವ ನೀರು ಅಲ್ಲಿ ನಿಂತು ಇಂಗುವುದು. ತಗ್ಗಿನಲ್ಲಿ ಬೇರು ಆಳಕ್ಕಿಳಿದು ಮಣ್ಣನ್ನು ಹಿಡಿಯುವ ಲಾವಂಚ ಮತ್ತು ಒಂದೆಲಗ. ದಂಡೆಯ ಮೇಲೆ ದಾಸವಾಳ, ಕಣಗಿಲೆ, ನಿಂಬೆ. ದಿನವೂ ನೀರು ಬೇಡುತ್ತಿದ್ದ ಹುಲ್ಲುಹಾಸನ್ನು ತೆಗೆದುಹಾಕಿದೆವು. ಗುಡಿಸಿ ಸುಡುತ್ತಿದ್ದ ತರಗೆಲೆಯನ್ನು ಗಿಡದ ಬುಡಕ್ಕೆ ಹೊದಿಸಿದುದರಿಂದ ನೆಲದ ತೇವ ಬೇಗ ಆರುವುದಿಲ್ಲ. ಬಚ್ಚಲಿನ ನೀರು ನಮ್ಮ ಅಜ್ಜಿಯರ ಕಾಲದಲ್ಲಿದ್ದಂತೆ ಬಾಳೆ ಕೆಸುಗಳ ಬುಡಕ್ಕೆ ಹೋಗುವುದು. ಸಾಬೂನು ಬೆರೆತ ಆ ನೀರು ಬಾವಿಯತ್ತ ಸುಳಿಯದಂತೆ ಎಚ್ಚರ ವಹಿಸಿದ್ದೇವೆ.

ಫಲವೇನೆಂದು ವಾಚಕರು ಕೇಳಬಹುದು. ಪವಾಡವೇನೂ ನಡೆಯಲಿಲ್ಲ. ಕಾವೇರಿಯ ನಲ್ಲಿಯನ್ನು ನಾವು ಬಿಟ್ಟಿಲ್ಲ. ಒಂದು ಮನೆಯವರು ಇಂಗಿಸಿದ ನೀರು ಆ ಮನೆಯ ಕೆಳಗೇ ನಿಲ್ಲುವುದೆಂಬ ಭರವಸೆಯೂ ಇಲ್ಲ. ಆದರೆ ೨೦೨೫ರ ಮಳೆಗಾಲದಲ್ಲಿ ನೀರು ಹೊಸ್ತಿಲನ್ನು ದಾಟಲಿಲ್ಲ. ತೋಟಕ್ಕೆ ನಲ್ಲಿಯ ನೀರನ್ನು ಮುಟ್ಟಬೇಕಾಗಲಿಲ್ಲ.

ಇದಕ್ಕಿಂತ ಬಹಳ ಮುಂದೆ ಹೋದವರೂ ಉಂಟು. ವಿಜ್ಞಾನಿ ಎ. ಆರ್. ಶಿವಕುಮಾರರು ೧೯೯೫ರಲ್ಲಿ ಬೆಂಗಳೂರಿನಲ್ಲಿ ಕಟ್ಟಿಸಿದ ತಮ್ಮ "ಸೌರಭ"ದಲ್ಲಿ ಮಳೆನೀರಿನಿಂದಲೇ ಸಂಸಾರ ನಡೆಸಿ ತೋರಿಸಿದರು. ಎಸ್. ವಿಶ್ವನಾಥರೂ ಅವರ ಸಂಗಡಿಗರೂ ನಗರದಲ್ಲಿ ಹತ್ತು ಲಕ್ಷ ಇಂಗುಬಾವಿಗಳಾಗಲೆಂಬ ಸಂಕಲ್ಪದಿಂದ ಬಾವಿ ತೋಡುವವರಿಗೆ ಮತ್ತೆ ಕೆಲಸ ದೊರೆಯುವಂತೆ ಶ್ರಮಿಸಿದ್ದಾರೆ. ಕಬ್ಬನ್ ಉದ್ಯಾನದಲ್ಲಿ ಮರೆತುಹೋಗಿದ್ದ ಹಳೆಯ ಬಾವಿಗಳ ಹೂಳೆತ್ತಿ ನೀರು ಕಾಣಿಸಿದವರೂ ಈ ಕೈಗಳೇ.

ಅಂಗಳಕ್ಕೆ ಸಲ್ಲುವ ನೀತಿ ಊರಿಗೂ ಸಲ್ಲುವುದು. ಚೀನಾ ದೇಶದ ನೆಲವಿನ್ಯಾಸಗಾರ ಯು ಕೊಂಗ್‌ಜಿಯಾನ್ ಎಂಬವರು, ನಗರವು ಸ್ಪಂಜಿನಂತೆ ಮಳೆಯನ್ನು ಹೀರಿ ಇಟ್ಟುಕೊಳ್ಳಬೇಕೆಂದು ಬಹುಕಾಲ ವಾದಿಸಿದರು. ಹಾರ್ಬಿನ್ ನಗರದಲ್ಲಿ ಸುಮಾರು ೩೪ ಹೆಕ್ಟೇರಿನ ಜೌಗುನೆಲವನ್ನು ಉಳಿಸಿ, ಅದರ ಸುತ್ತ ಕೊಳಗಳನ್ನೂ ದಿಬ್ಬಗಳನ್ನೂ ರಚಿಸಿ ಬೀದಿಯ ಮಳೆನೀರಿಗೆ ತಾಣ ಕಲ್ಪಿಸಿದರು. ೨೦೧೫ರಲ್ಲಿ ಅವರ ಸರಕಾರವು ೧೬ ನಗರಗಳಲ್ಲಿ ಈ ಮಾರ್ಗವನ್ನು ಪ್ರಯೋಗಕ್ಕೆ ತಂದಿತು. ೨೦೨೧ರಲ್ಲಿ ಝೆಂಗ್‌ಝೌ ನಗರದ ಮಹಾಪೂರವು ಇಂತಹ ಕೆಲಸಕ್ಕೂ ಮಿತಿಯುಂಟೆಂದು ತೋರಿಸಿತು. ಯು ಅವರು ೨೦೨೫ರ ಸೆಪ್ಟೆಂಬರಿನಲ್ಲಿ ಬ್ರೆಜಿಲಿನಲ್ಲಿ ವಿಮಾನಾಪಘಾತದಿಂದ ತೀರಿಕೊಂಡರು. ನಮ್ಮ ನಾಡಿನ ಕೆರೆ, ಕೋಡಿ, ಕಾಲುವೆಗಳ ಸರಣಿಯನ್ನು ಕಂಡವರಿಗೆ ಅವರ ಮಾತು ಹೊಸದೆನಿಸದು. ಒಂದು ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಸೇರುತ್ತಿದ್ದುದು ಇದೇ ನೀತಿಯಿಂದ.

ಗೃಹಸ್ಥರಿಗೆ ನನ್ನ ವಿಜ್ಞಾಪನೆಯು ಇಷ್ಟೆ. ಮನೆ ಕಟ್ಟಿಸುವವರು ಮೇಸ್ತ್ರಿಯು ಅಂಗಳಕ್ಕೆ ಕಾಂಕ್ರೀಟು ಕಲಸುವ ಮೊದಲು ಇಂತಹ ಬಲ್ಲವರನ್ನು ಒಮ್ಮೆ ಕರೆಯಿಸಬೇಕು; ಕೊನೆಯಲ್ಲಿ ಕರೆದರೆ ಒಡೆಯುವುದಕ್ಕೂ ಹಣ, ಕಟ್ಟುವುದಕ್ಕೂ ಹಣ. ಬಂದವರು ಗಿಡದ ಪಟ್ಟಿಯನ್ನು ಮೊದಲು ಬಿಚ್ಚಿದರೆ, "ನಮ್ಮ ಮಾಳಿಗೆಯ ನೀರು ಎಲ್ಲಿಗೆ ಹೋಗಬೇಕು?" ಎಂದು ನೀವೇ ಕೇಳಬೇಕು. ಹಳೆಯ ಬಾವಿಯಿದ್ದವರು ಅದನ್ನು ಮುಚ್ಚಬಾರದು. ಹೂಳೆತ್ತಿಸಿ, ಜಾಲರಿ ಹಾಕಿಸಿ, ಮಾಳಿಗೆಯ ನೀರನ್ನು ಶೋಧಿಸಿ ಅದಕ್ಕೆ ಬಿಡಬೇಕು. ಬಾವಿಗೆ ಇಳಿಯುವವನು ಪ್ರಾಣವನ್ನು ಪಣವಿಟ್ಟು ಇಳಿಯುವನು. ಆದುದರಿಂದ ಅವನ ಕೂಲಿಯಲ್ಲಿ ಚೌಕಾಸಿ ಸಲ್ಲದು. ಕುಸಿಯುವುದೆಂದು ಅವನು ಹೇಳಿದಲ್ಲಿ ಒತ್ತಾಯಿಸಲೇಕೂಡದು. ಮನೆಯಲ್ಲಿ ಹಿರಿಯರಿದ್ದರೆ, ಮೊದಲು ನೀರು ಎಲ್ಲಿ ನಿಲ್ಲುತ್ತಿದ್ದಿತೆಂದು ಅವರನ್ನು ಇಂದೇ ಕೇಳಿ ಗುರುತು ಹಾಕಿಕೊಳ್ಳಬೇಕು. ಅವರಿಗೆ ನೆನಪಿರುವುದು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ.