ಅಂಗಳವಿಲ್ಲದ ಶಿಶುವಿಹಾರ

ಮಗುವನ್ನು ಶಿಶುವಿಹಾರಕ್ಕೆ ಸೇರಿಸಿದ ತಂದೆತಾಯಿಗಳು ತಿಂಗಳೊಂದು ಕಳೆಯುವುದರೊಳಗಾಗಿ ಆಡತೊಡಗುವ ಮಾತು ಇದು: "ಅಲ್ಲಿ ಏನು ಕಲಿಸುತ್ತಾರೆ? ಬರೀ ಆಡಿಸಿ ಕಳುಹಿಸುತ್ತಾರಷ್ಟೆ!" ಈ 'ಬರೀ' ಎಂಬ ಪದದ ಮೇಲೆಯೇ ನಮ್ಮ ಆಕ್ಷೇಪಣೆ. ಮೂರರಿಂದ ಆರು ವರ್ಷದ ಮಗುವಿಗೆ ಬಯಲಿನ ಆಟಕ್ಕಿಂತ ಮಿಗಿಲಾದ ಪಾಠವಿಲ್ಲವೆಂದೂ, ಅಂಗಳವಿಲ್ಲದ ಶಿಶುವಿಹಾರವು ಪ್ರಯೋಗಶಾಲೆಯಿಲ್ಲದ ವಿಜ್ಞಾನ ಕಾಲೇಜಿನಂತೆ ಹೆಸರಿಗೆ ಮಾತ್ರ ವಿದ್ಯಾಸಂಸ್ಥೆಯೆಂದೂ ನಾವು ಭಾವಿಸುತ್ತೇವೆ. ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವರಿಗೆ ಮಕ್ಕಳ ಉಯ್ಯಾಲೆಯ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಕಾರಣ ಮುಂದೆ ತಾನಾಗಿಯೇ ತಿಳಿಯುತ್ತದೆ.

ಈ ವಿಚಾರ ಹೊಸದಲ್ಲ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಫ್ರೆಡ್ರಿಕ್ ಫ್ರೋಬೆಲನು ಎಳೆಯ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಎಂಬ ಹೆಸರನ್ನಿಟ್ಟನು. ಆ ಹೆಸರಿನ ಅರ್ಥ ಮಕ್ಕಳ ತೋಟವೆಂದು. ಅದು ಬರಿಯ ಅಲಂಕಾರದ ಮಾತಾಗಿರಲಿಲ್ಲ. ಮಕ್ಕಳು ತಮ್ಮ ತಮ್ಮ ಪಾಲಿನ ಪಾತಿಗಳಲ್ಲಿ ನಿಜವಾಗಿಯೂ ಗಿಡ ಬೆಳೆಸುತ್ತಿದ್ದರು. ಫ್ರೋಬೆಲನು ಅದಕ್ಕೆ ಮುಂಚೆ ಬರ್ಲಿನ್ನಿನಲ್ಲಿ ಸ್ಫಟಿಕಗಳನ್ನು ಅಭ್ಯಾಸ ಮಾಡಿದವನು. ಮಕ್ಕಳ ಕೈಗೆ ಅವನಿತ್ತ ಮರದ ಗೋಲ, ಘನ, ಸಿಲಿಂಡರುಗಳಲ್ಲಿ ಆ ಅಭ್ಯಾಸದ ಛಾಯೆಯುಂಟು. 1851ರಲ್ಲಿ ಪ್ರಷ್ಯದ ಸರಕಾರ ಈ ಶಾಲೆಗಳನ್ನು ನಿಷೇಧಿಸಿತೆಂಬುದನ್ನು ಕೇಳಿದರೆ ಇಂದು ನಗು ಬರುತ್ತದೆ. ಮಕ್ಕಳ ಆಟಕ್ಕೆ ಹೆದರಿದ ಸರಕಾರ! ನಿಷೇಧ ತೆರವಾದದ್ದು 1860ರಲ್ಲಿ. ಅಷ್ಟು ಹೊತ್ತಿಗೆ ಫ್ರೋಬೆಲನು ತೀರಿಕೊಂಡು ಎಂಟು ವರ್ಷಗಳಾಗಿದ್ದವು.

ಆದರೆ ಬಯಲನ್ನೇ ಶಾಲೆಯನ್ನಾಗಿ ಮಾಡಿದ ಕೀರ್ತಿ ಲಂಡನ್ನಿನ ಡೆಟ್‌ಫರ್ಡ್ ಎಂಬ ಬಡವರ ಕೇರಿಯಲ್ಲಿ ದುಡಿದ ರೇಚಲ್ ಮತ್ತು ಮಾರ್ಗರೆಟ್ ಮೆಕ್‌ಮಿಲನ್ ಎಂಬ ಅಕ್ಕತಂಗಿಯರಿಗೆ ಸಲ್ಲಬೇಕು. 1910ರಲ್ಲಿ ಅವರು ಅಲ್ಲಿ ಮಕ್ಕಳಿಗಾಗಿ ಚಿಕಿತ್ಸಾಲಯವನ್ನು ನಡೆಸತೊಡಗಿದರು. ವಾಸಿಯಾಗಿ ಮನೆಗೆ ಹೋದ ಮಗು ಕೆಲವು ವಾರಗಳಲ್ಲಿ ಅದೇ ಕಾಯಿಲೆಯೊಡನೆ ಮತ್ತೆ ಬಾಗಿಲಿಗೆ ಬರುತ್ತಿತ್ತು. ಬಿಸಿಲು ಕಾಣದ ಮನೆ, ಕಿಷ್ಕಿಂಧೆಯಂತಹ ಓಣಿ. ಔಷಧ ಏನು ಮಾಡೀತು? 1914ರಲ್ಲಿ ಅವರು ತೆರೆದ ಶಿಶುಶಾಲೆ ಇದಕ್ಕೆ ಉತ್ತರವಾಗಿತ್ತು. ಅಲ್ಲಿ ಕಟ್ಟಡಕ್ಕಿಂತ ತೋಟವೇ ಮುಖ್ಯ. ಬದಿ ತೆರೆದ ಚಪ್ಪರಗಳು, ಗಿಡಮೂಲಿಕೆಗಳ ಪಾತಿಗಳು, ಮರಳಿನ ಗುಂಡಿ, ಹತ್ತಲು ಮರಗಳು. ಇವುಗಳ ಜೊತೆಗೆ, ಮಕ್ಕಳು ಕೆದಕಿ ತಮಗೆ ಬೇಕಾದುದನ್ನು ಆರಿಸಿಕೊಳ್ಳಲೆಂದೇ ಬಿಟ್ಟಿದ್ದ ಹಳೆಯ ಸಾಮಾನುಗಳ ರಾಶಿ. ಮೂಳೆ ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ರೋಗ ಆಗ ಆ ಕೇರಿಗಳಲ್ಲಿ ಮನೆಮನೆಯ ಮಾತು. ಸೂರ್ಯನ ಅತಿನೇರಿಳೆ ಕಿರಣಗಳು ಅದನ್ನು ಗುಣಪಡಿಸುವ ರಹಸ್ಯ ವೈದ್ಯರಿಗೆ ಸ್ಪಷ್ಟವಾದದ್ದು 1919ರಿಂದ ಈಚೆಗೆ. ಸೋದರಿಯರು ಸಿದ್ಧಾಂತಕ್ಕಾಗಿ ಕಾಯಲಿಲ್ಲ. ಮಕ್ಕಳನ್ನು ಬಿಸಿಲಿಗೆ ಬಿಟ್ಟರು.

ನಮ್ಮ ನಾಡಿನಲ್ಲಿಯೂ ಈ ದಾರಿ ತುಳಿದವರಿಲ್ಲದಿಲ್ಲ. 1920ರಲ್ಲಿ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ಬಾಲಮಂದಿರವನ್ನು ತೆರೆದರು. 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಕ್ಕೆ ಕೈಹಾಕಿದರು. ಅದು ನಾಲ್ಕು ಗೋಡೆಗಳ ನಡುವಿನ ಪ್ರಯೋಗವಾಗಿರಲಿಲ್ಲವೆಂಬುದನ್ನು ಹೆಸರೇ ಹೇಳುತ್ತದೆ.

ಇನ್ನು ನಮ್ಮ ವಿಷಯಕ್ಕೆ ಬರೋಣ. ಶಿಶುವಿಹಾರದ ಅಂಗಳದಲ್ಲಿ ಎರಡು ಉಯ್ಯಾಲೆಗಳು ಅಕ್ಕಪಕ್ಕದಲ್ಲಿವೆಯೆಂದು ಇಟ್ಟುಕೊಳ್ಳೋಣ. ಹಗ್ಗದ ಉದ್ದ ಎರಡೂವರೆ ಮೀಟರು. ಒಂದರಲ್ಲಿ ಸಣಕಲು ಹುಡುಗಿ, ಇನ್ನೊಂದರಲ್ಲಿ ಗುಂಡುಗುಂಡಾದ ಹುಡುಗ. ಇಬ್ಬರೂ ಒಂದು ಸಲ ಹೋಗಿ ಬರಲು ಹೆಚ್ಚು ಕಡಿಮೆ 3.2 ಸೆಕೆಂಡುಗಳೇ ಬೇಕು. ತೂಕದ ಭೇದ ಇಲ್ಲಿ ನಡೆಯದು. ಲೋಲಕದ ಆವರ್ತಕಾಲವನ್ನು ನಿರ್ಧರಿಸುವುದು ಉದ್ದವೇ ಹೊರತು ತೂಕವಲ್ಲವೆಂದು ನಾವು ಕಾಲೇಜಿನಲ್ಲಿ ಕಪ್ಪು ಹಲಗೆಯ ಮೇಲೆ ಬರೆದು ತೋರಿಸುತ್ತೇವೆ. ಮಗು ಅದನ್ನು ಸೂತ್ರವಾಗಿ ಅರಿಯದು. ಆದರೆ ಗೆಳೆಯನೊಡನೆ ಜೊತೆಜೊತೆಯಾಗಿ ತೂಗುವ ಸುಖವನ್ನು ಬಲ್ಲದು. ಹಿಂದಿನಿಂದ ನೂಕುವ ಆಯಾ ಸರಿಯಾದ ಗಳಿಗೆಯಲ್ಲಿ ನೂಕಿದರೆ ಉಯ್ಯಾಲೆ ಮೇಲೇರುತ್ತದೆ, ಹೊತ್ತು ತಪ್ಪಿ ನೂಕಿದರೆ ಮುಗ್ಗರಿಸುತ್ತದೆ. ಅನುರಣನೆಯ ಪಾಠ ಇದೇ. ಆಮೇಲೊಂದು ದಿನ ಯಾರೂ ನೂಕದೆ, ಕಾಲನ್ನು ಚಾಚಿ ಮಡಿಸಿ, ಮೈಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿ, ತಾನೇ ಜೀಕುವುದನ್ನು ಮಗು ಕಲಿಯುತ್ತದೆ. ಹೊರಗಿನ ನೂಕಿಲ್ಲದೆ ಉಯ್ಯಾಲೆಗೆ ಶಕ್ತಿ ಎಲ್ಲಿಂದ ಬಂತು? ಪದವಿ ತರಗತಿಯ ವಿದ್ಯಾರ್ಥಿಗಳು ಈ ಪ್ರಶ್ನೆಗೆ ಗಣಿತದ ಉತ್ತರವನ್ನು ಬರೆಯಲಿ, ನೋಡೋಣ! ನಾಗರಪಂಚಮಿಗೆ ಮರದ ಕೊಂಬೆಗೆ ಜೋಕಾಲಿ ಕಟ್ಟುವ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈ ವಿದ್ಯೆ ಪಠ್ಯಪುಸ್ತಕಕ್ಕಿಂತ ಬಹಳ ಹಳೆಯದು.

ಏತದಂತೆ ಏರಿಳಿಯುವ ಸೀ-ಸಾ ಹಲಗೆಯನ್ನು ನೋಡಿರಿ. ಇಪ್ಪತ್ತು ಕಿಲೋಗ್ರಾಮಿನ ಮಗುವೂ ಹದಿನೈದು ಕಿಲೋಗ್ರಾಮಿನ ಮಗುವೂ ತುದಿಗಳಲ್ಲಿ ಕುಳಿತರೆ ಆಟ ನಡೆಯದು. ಹಗುರವಾದ ಮಗು ನಡುವಿನ ಆಧಾರದಿಂದ 1.6 ಮೀಟರು ದೂರದಲ್ಲಿದ್ದರೆ ಭಾರವಾದದ್ದು 1.2 ಮೀಟರಿಗೆ ಸರಿದು ಕೂರಬೇಕು. ನಾಲ್ಕು ವರ್ಷದವರು ಜಗಳವಾಡಿ, ಅತ್ತು, ಕೊನೆಗೆ ಸರಿದು ಕುಳಿತು ಇದನ್ನು ಇತ್ಯರ್ಥ ಮಾಡಿಕೊಳ್ಳುತ್ತಾರೆ. ಆ ಜಗಳವೂ ಪಾಠದ ಭಾಗವೇ. ನಮ್ಮ ತರಗತಿಗಳಲ್ಲಿ ಸನ್ನೆಕೋಲಿನ ಲೆಕ್ಕವನ್ನು ತಪ್ಪಿಲ್ಲದೆ ಬಿಡಿಸುವ ವಿದ್ಯಾರ್ಥಿಗಳನ್ನು ಪ್ರತಿವರ್ಷವೂ ನಾವು ಕಾಣುತ್ತೇವೆ. ಬಾಗಿಲನ್ನು ತಿರುಗಣಿಯ ಬಳಿ ತಳ್ಳಿದರೆ ಏಕೆ ಕಷ್ಟವಾಗುತ್ತದೆಂದು ಅವರನ್ನು ಕೇಳಿದರೆ ಮಾತ್ರ ಮೌನ. ಲೆಕ್ಕ ಕೈಯಲ್ಲಿದೆ, ಅನುಭವ ಮೈಯಲ್ಲಿಲ್ಲ. ಇದಕ್ಕೆ ಶಿಶುವಿಹಾರವೊಂದೇ ಹೊಣೆಯೆಂದು ನಾವು ಹೇಳುವುದಿಲ್ಲ. ಆದರೂ ಪದ ಮೊದಲು ಬಂದು ಪದಾರ್ಥ ಆಮೇಲೆ ಬರುವ ಶಿಕ್ಷಣಕ್ರಮ ಅಲ್ಲಿಂದಲೇ ಪ್ರಾರಂಭವಾಗುತ್ತದೆಯಲ್ಲವೆ?

ಮಕ್ಕಳು ತಮ್ಮಷ್ಟಕ್ಕೆ ತಾವೇ ಗಿರಗಿರನೆ ತಿರುಗಿ ತಲೆಸುತ್ತಿ ಬೀಳುವುದನ್ನು ಎಲ್ಲರೂ ಕಂಡಿದ್ದೇವೆ. ಹಿರಿಯರು ಗದರಿಸುವುದನ್ನೂ ಕಂಡಿದ್ದೇವೆ. ಒಳಕಿವಿಯಲ್ಲಿ ಅರೆವರ್ತುಲಾಕಾರದ ಮೂರು ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ತಿರುಗತೊಡಗಿದಾಗ ದ್ರವ ಹಿಂದುಳಿಯುತ್ತದೆ. ತಲೆ ನಿಂತಾಗ ದ್ರವ ನಿಲ್ಲದೆ ಹರಿಯುತ್ತದೆ. ಆದ್ದರಿಂದ ಲೋಕವೇ ತಿರುಗಿದಂತೆ ತೋರುತ್ತದೆ. ಜಡತ್ವದ ನಿಯಮ ಕಿವಿಯೊಳಗೇ ಕೆಲಸ ಮಾಡುತ್ತಿರುವ ಬಗೆ ಇದು. ಈ ನಾಳಗಳು ಕಳುಹಿಸುವ ಸುದ್ದಿಯನ್ನು ಕಣ್ಣಿನ ಸುದ್ದಿಯೊಡನೆಯೂ ಸ್ನಾಯುಗಳ ಸುದ್ದಿಯೊಡನೆಯೂ ತಾಳೆನೋಡಿ ಮೈಯನ್ನು ನೆಟ್ಟಗೆ ನಿಲ್ಲಿಸುವುದನ್ನು ಮೆದುಳು ಕಲಿಯಬೇಕು. ಬೆಂಚಿನ ಮೇಲೆ ಕೈಕಟ್ಟಿ ಕುಳಿತ ಮಗುವಿಗೆ ಈ ವಿದ್ಯೆ ಹೇಗೆ ಬಂದೀತು?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆಡಿದ ಮಕ್ಕಳೆಲ್ಲರೂ ವಿಜ್ಞಾನಿಗಳಾಗುತ್ತಾರೆಂದು ಹೇಳಿದರೆ ಅದು ಸಂತೆಯ ಔಷಧ ಮಾರುವವರ ಮಾತಾದೀತು. ಸಮನಾದ ನೀರನ್ನು ಅಗಲವಾದ ಲೋಟಕ್ಕೂ ಎತ್ತರವಾದ ಲೋಟಕ್ಕೂ ಸುರಿದು ತೋರಿಸಿದರೆ, ಎತ್ತರದ್ದರಲ್ಲೇ ಹೆಚ್ಚು ನೀರಿದೆಯೆಂದು ನಾಲ್ಕೈದು ವರ್ಷದ ಮಕ್ಕಳು ಸಾಧಾರಣವಾಗಿ ಹೇಳುತ್ತಾರೆಂಬುದನ್ನು ಸ್ವಿಟ್ಸರ್ಲೆಂಡಿನ ಜೀನ್ ಪಿಯಾಜೆ ತೋರಿಸಿಕೊಟ್ಟರು. ಒಂದು ದಿನ ಕೂರಿಸಿ ತಿದ್ದಿದರೆ ಈ ಭಾವನೆ ಹೋಗುವುದಿಲ್ಲ. ಬುದ್ಧಿ ಮಾಗಲು ವರ್ಷಗಳು ಬೇಕು. ಆಟ ಮಗುವಿಗೆ ನಿಯಮವನ್ನು ಕಲಿಸುವುದಿಲ್ಲ. ಮುಂದೆ ನಿಯಮವನ್ನು ಕೇಳಿದಾಗ "ಓ, ಅದೇ ಇದು!" ಎನ್ನಲು ಬೇಕಾದ ಸರಕನ್ನು ಒದಗಿಸುತ್ತದೆ. ಒದ್ದೆ ಮರಳು ಗೂಡಾಗಿ ನಿಲ್ಲುವುದನ್ನೂ ಒಣಮರಳು ಜಾರುವುದನ್ನೂ ಕೈಯಾರೆ ಕಂಡವನಿಗೆ ಮೇಲ್ಮೈ ಸೆಳೆತವೆಂಬುದು ಬರಿಯ ಪದವಾಗಿ ಉಳಿಯುವುದಿಲ್ಲ.

ಕಣ್ಣಿನ ಮಾತೂ ಇದೆ. ಚೀನಾದ ಗುವಾಂಗ್‌ಝೌ ನಗರದ ಹನ್ನೆರಡು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಮೂರು ವರ್ಷಗಳ ಕಾಲ ಪರೀಕ್ಷಿಸಿ, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆರು ಶಾಲೆಗಳ ಮಕ್ಕಳಿಗೆ ದಿನಕ್ಕೆ ನಲವತ್ತು ನಿಮಿಷ ಹೆಚ್ಚಾಗಿ ಹೊರಗಿರುವ ಅವಕಾಶ. ಉಳಿದ ಆರರಲ್ಲಿ ಎಂದಿನ ಕ್ರಮ. ಎಂದಿನ ಕ್ರಮದಲ್ಲಿದ್ದವರ ಪೈಕಿ ಶೇಕಡಾ 39.5ರಷ್ಟು ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಕಾಣಿಸಿಕೊಂಡರೆ, ಹೊರಗೆ ಹೋದವರಲ್ಲಿ ಅದು ಶೇಕಡಾ 30.4. ಇವರು ಶಿಶುವಿಹಾರವನ್ನು ದಾಟಿದ ಮಕ್ಕಳೆಂಬುದು ನಿಜ. ಆದರೆ ಕಣ್ಣು ಅದೇ ಕಣ್ಣು. ದೀಪ ಹಚ್ಚಿದ ಕೋಣೆಯಲ್ಲಿ ಬೆಳಕು ಮುನ್ನೂರು ನಾನೂರು ಲಕ್ಸ್ ಇದ್ದರೆ ಹೆಚ್ಚು. ಬಿರುಬಿಸಿಲಿನಲ್ಲಿ ಅದು ಒಂದು ಲಕ್ಷದ ಹತ್ತಿರ ಹೋಗುತ್ತದೆ. ಮರದ ನೆರಳಿನಲ್ಲಿಯೂ ಕೋಣೆಗಿಂತ ಎಷ್ಟೋ ಪಟ್ಟು ಹೆಚ್ಚು. ಪ್ರಖರವಾದ ಬೆಳಕಿನಲ್ಲಿ ಅಕ್ಷಿಪಟಲವು ಸ್ರವಿಸುವ ಡೋಪಮೀನ್ ಕಣ್ಣುಗುಡ್ಡೆ ಅತಿಯಾಗಿ ಉದ್ದಕ್ಕೆ ಬೆಳೆಯದಂತೆ ತಡೆಯುತ್ತದೆಂದು ಹಲವು ಸಂಶೋಧಕರ ಅಭಿಪ್ರಾಯ. ಆದ್ದರಿಂದ ರಾಯಚೂರು ಕಲಬುರಗಿಗಳ ಬಿಸಿಲಿನಲ್ಲಿ ಮಕ್ಕಳನ್ನು ಹೊರಗೆ ಬಿಡುವುದೆಂತು ಎನ್ನುವವರಿಗೆ ಉತ್ತರ ಸುಲಭ: ಬೆಳಗಿನ ಹೊತ್ತು, ಬೇವಿನ ನೆರಳು.

ಇಷ್ಟೆಲ್ಲ ತಿಳಿದಿದ್ದೂ ನಮ್ಮ ನಗರಗಳಲ್ಲಿ ನಡೆಯುತ್ತಿರುವುದೇನು? ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ನಲವತ್ತು ಮಕ್ಕಳನ್ನು ಕೂಡಿಟ್ಟ ಶಿಶುವಿಹಾರಗಳನ್ನು ನಾವು ಕಂಡಿದ್ದೇವೆ. ಗೋಡೆಯ ಮೇಲೆ ಬಣ್ಣಬಣ್ಣದ ಮರದ ಚಿತ್ರ, ಹತ್ತಲು ಮರವಿಲ್ಲ. ಬೆರಳಿನ ಎಲುಬುಗಳಿನ್ನೂ ಬಲಿಯದ ಮಗುವಿನ ಕೈಯಲ್ಲಿ ಎರಡೆರಡು ಭಾಷೆಗಳ ಅಕ್ಷರಗಳನ್ನು ಪುಟಗಟ್ಟಲೆ ಬರೆಯಿಸುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿಯ ಹಂತವೆಂದು ಕರೆದು, ಆಟದ ಮೂಲಕವೇ ಕಲಿಕೆ ನಡೆಯಬೇಕೆಂದು ಸಾರಿತು. 2022ರಲ್ಲಿ ಅದಕ್ಕೆ ಪಠ್ಯಕ್ರಮದ ಚೌಕಟ್ಟೂ ಬಂತು. ಕಾಗದದ ಮೇಲೆ ಕೊರತೆಯೇನೂ ಇಲ್ಲ.

ತಂದೆತಾಯಿಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ದಿನಗೂಲಿಯಿಂದ ಬದುಕುವ ತಾಯಿಗೆ ಮಗುವಿನ ಕೈಬರಹ ಒಂದು ಭರವಸೆ. ಸುರಿದ ಹಣಕ್ಕೆ ಕಣ್ಣಿಗೆ ಕಾಣುವ ಫಲ. ಮರಳಿನಲ್ಲಿ ಆಡಿ ಬಂದ ಮಗುವಿನ ಲಂಗ ಕೊಳೆಯಾದದ್ದು ಕಾಣುತ್ತದೆ, ಕಲಿತದ್ದು ಕಾಣುವುದಿಲ್ಲ. ಶಾಲೆಗಳು ಈ ಆಸೆಯನ್ನೇ ಬಂಡವಾಳ ಮಾಡಿಕೊಳ್ಳುವುದು ಮಾತ್ರ ಅಕ್ಷಮ್ಯ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾರಂಭವಾದ ಅಂಗನವಾಡಿ ಯೋಜನೆಯಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಸೇರಿತ್ತು. 'ಅಂಗನ' ಎಂದರೆ ಅಂಗಳವೇ ತಾನೆ? ಅಂಗಳವಿರುವ ಅಂಗನವಾಡಿಯನ್ನು ಬಿಟ್ಟು, ಅಂಗಳವಿಲ್ಲದ ಮಹಡಿಗೆ ಹಣ ತೆತ್ತು ಮಗುವನ್ನು ಕಳುಹಿಸುವ ಕಾಲ ಬಂದಿತು.

ಬಿದ್ದು ಪೆಟ್ಟು ಮಾಡಿಕೊಂಡರೆ ಎಂಬ ಭಯ ನ್ಯಾಯವಾದದ್ದು. ಅದಕ್ಕೂ ನಮ್ಮ ಶಾಸ್ತ್ರವೇ ಉತ್ತರ ಹೇಳುತ್ತದೆ. ಒಂದು ಮೀಟರು ಎತ್ತರದಿಂದ ಬಿದ್ದ ದೇಹ ಗಟ್ಟಿನೆಲದ ಮೇಲೆ ಒಂದು ಸೆಂಟಿಮೀಟರಿನೊಳಗೆ ನಿಂತರೆ, ಅದರ ವೇಗ ಕುಗ್ಗುವ ಸರಾಸರಿ ದರ ಗುರುತ್ವದ ವೇಗೋತ್ಕರ್ಷಕ್ಕಿಂತ ನೂರುಪಟ್ಟು. ಸಡಿಲವಾದ ಮರಳು ಹತ್ತು ಸೆಂಟಿಮೀಟರು ಕುಸಿದು ಅದನ್ನು ನಿಲ್ಲಿಸಿದರೆ ಹತ್ತುಪಟ್ಟು ಮಾತ್ರ. ಎಂದರೆ ಉಯ್ಯಾಲೆಯನ್ನು ಕಿತ್ತುಹಾಕಬೇಕಾಗಿಲ್ಲ. ಅದರ ಕೆಳಗಿನ ಕಾಂಕ್ರೀಟನ್ನು ಕಿತ್ತುಹಾಕಬೇಕು.

ಈ ಪುಟಗಳನ್ನು ಓದುವ ನಿಮ್ಮಲ್ಲಿ ಕೆಲವರಿಗೆ ಶಿಶುವಿಹಾರಕ್ಕೆ ಹೋಗುವ ತಮ್ಮತಂಗಿಯರಿರಬಹುದು. ಒಂದು ಬೆಳಗ್ಗೆ ಅಲ್ಲಿಗೆ ಹೋಗಿ, ಗಡಿಯಾರ ಹಿಡಿದು, ಮಕ್ಕಳು ಎಷ್ಟು ನಿಮಿಷ ಬಾನಿನ ಕೆಳಗಿರುತ್ತಾರೆಂದು ಲೆಕ್ಕ ಹಾಕಿರಿ. ಸೊನ್ನೆ ಬಂದರೆ ಶಾಲೆಯವರನ್ನು ವಿನಯದಿಂದ ಕೇಳಿರಿ. ಜಾಗವಿಲ್ಲವೆಂದರೆ ಹತ್ತಿರದ ಉದ್ಯಾನವನವನ್ನೋ ದೇವಸ್ಥಾನದ ಬಯಲನ್ನೋ ತೋರಿಸಿರಿ. ಹಣವಿಲ್ಲವೆಂದರೆ ಬೇಕಾದ ಸಾಮಾನಿನ ಪಟ್ಟಿ ಕೊಡಿರಿ: ಗಟ್ಟಿ ಹಗ್ಗ, ಲಾರಿಯ ಹಳೆಯ ಟೈರು, ಉದ್ದನೆಯ ಹಲಗೆಯೊಂದು, ನೀರಿಗೆ ತಪ್ಪಲೆ ಚೊಂಬುಗಳು, ಒಂದು ಗಾಡಿ ಹೊಳೆಮರಳು. ಮರಳಿನ ಗುಂಡಿಗೆ ರಾತ್ರಿಯ ಹೊತ್ತು ಹೊದಿಕೆ ಹಾಕುವುದನ್ನು ಮರೆಯಬಾರದೆಂದು ಹೇಳಿರಿ. ಇಲ್ಲವಾದರೆ ಬೀದಿಯ ನಾಯಿಬೆಕ್ಕುಗಳು ಅದನ್ನು ತಮ್ಮದಾಗಿ ಮಾಡಿಕೊಂಡಾವು.