ಸಾವಿರ ಕಾರ್ಡ್ ಬೇಡ, ನೂರು ಸಾಕು. ಪದವಿ ಬೇಡ, ಕೆಲಸ ಬರೆಯಿರಿ

ನಮ್ಮ ತಾಲ್ಲೂಕುಗಳಲ್ಲಿ ವಿಸಿಟಿಂಗ್ ಕಾರ್ಡ್ ಇರುವುದು ಯಾರ ಜೇಬಿನಲ್ಲಿ? ಒಮ್ಮೆ ಎಣಿಸಿ ನೋಡಿ. ಯಾವುದೋ ವೇದಿಕೆಯ ರಾಜ್ಯ ಸಂಚಾಲಕರು, ಇನ್ಯಾವುದೋ ಸಂಘದ ಜಿಲ್ಲಾ ಗೌರವಾಧ್ಯಕ್ಷರು, ಸೈಟು ಕೊಡಿಸುವ ಏಜೆಂಟರು, ಮುಂದಿನ ಚುನಾವಣೆಗೆ ಟವೆಲ್ ಹಾಕಿ ಕೂತವರು. ಅವರ ಕಾರ್ಡಿಗೆ ಬಂಗಾರದ ಅಂಚು, ದಪ್ಪ ಕಾಗದ, ಮೂರು ಬಣ್ಣದ ಹೆಸರು.

ಸುಟ್ಟ ಬೋರ್‌ವೆಲ್ ಮೋಟಾರ್ ಬಿಚ್ಚಿ ರಾತ್ರಿಯೆಲ್ಲ ವೈಂಡಿಂಗ್ ಮಾಡುವ ಹುಡುಗನ ಹತ್ತಿರ ಕಾರ್ಡ್ ಇಲ್ಲ. ಮದುವೆ ಮನೆಗೆ ಐನೂರು ಖಡಕ್ ರೊಟ್ಟಿ ಬಡಿದುಕೊಡುವ ಅಕ್ಕನ ಹತ್ತಿರ ಇಲ್ಲ. ಕೌದಿ ಹೊಲಿಯುವವರು, ಶಾಮಿಯಾನ ಹಾಕುವವರು, ಟ್ರ್ಯಾಕ್ಟರ್ ರಿಪೇರಿಯವರು, ಯಾರ ಹತ್ತಿರವೂ ಇಲ್ಲ. ಕೇಳಿದರೆ ಉತ್ತರ ಒಂದೇ: 'ಕಾರ್ಡ್ ಎಲ್ಲ ದೊಡ್ಡವರಿಗ್ರೀ, ನಮಗ್ಯಾಕ?'

ಕಾರ್ಡ್ ಬೇಕಿರುವುದು ನಿಮಗೇ. ದೊಡ್ಡವರಿಗೆ ಬೇಕಿಲ್ಲ, ಅವರ ಹೆಸರು ಫ್ಲೆಕ್ಸ್ ಮೇಲೆ ಹೇಗೂ ಇದೆ.

ಇದರಲ್ಲಿ ದುಡ್ಡಿನ ಪ್ರಶ್ನೆ ಇದೆ. ರೊಟ್ಟಿ ಬಡಿದವರು ಒಬ್ಬರು, ಪ್ಯಾಕೆಟ್ ಮೇಲೆ ಹೆಸರು ಅಂಗಡಿಯವರದು. ತಿಂದವರಿಗೆ ರೊಟ್ಟಿ ಇಷ್ಟವಾಯಿತು ಎಂದುಕೊಳ್ಳಿ, ಮುಂದಿನ ಆರ್ಡರ್ ಯಾರಿಗೆ ಹೋಗುತ್ತದೆ? ಅಂಗಡಿಗೆ. ಮೋಟಾರ್ ರಿಪೇರಿ ಮಾಡಿದ್ದು ಹುಡುಗ, ಬಿಲ್ ಬರೆದದ್ದು ಪಂಪ್‌ಸೆಟ್ ಅಂಗಡಿ. ಗಿರಾಕಿಗೆ ಕೆಲಸ ಮಾಡಿದವರ ನಂಬರ್ ಗೊತ್ತಿಲ್ಲದಿದ್ದರೆ ನಡುವೆ ಇರುವವರ ಪಾಲು ಎಂದಿಗೂ ಕರಗುವುದಿಲ್ಲ.

'ವಾಟ್ಸಾಪ್ ಇರುವಾಗ ಕಾರ್ಡ್ ಯಾಕೆ' ಎನ್ನುವವರಿದ್ದಾರೆ. ವಾಟ್ಸಾಪ್ ನಿಮ್ಮ ಪರಿಚಯದವರ ಮಧ್ಯೆ ಚೆನ್ನಾಗಿ ಓಡುತ್ತದೆ. ಹೊಲದಲ್ಲಿ ಮೋಟಾರ್ ನಿಂತಾಗ ಅಲ್ಲಿರುವುದು ಆಳುಮಗ, ನಂಬರ್ ಇರುವುದು ಊರಲ್ಲಿರುವ ಯಜಮಾನರ ಫೋನಿನಲ್ಲಿ. ಸ್ಟಾರ್ಟರ್ ಪೆಟ್ಟಿಗೆಯ ಒಳಬದಿಗೆ ಅಂಟಿಸಿದ ಒಂದು ಕಾರ್ಡ್ ಇದ್ದರೆ ಆ ಆಳೇ ನಿಮಗೆ ಫೋನ್ ಮಾಡುತ್ತಾನೆ. ಕಿರಾಣಿ ಅಂಗಡಿಯ ಗಾಜಿನ ಕೆಳಗೆ, ಕ್ಯಾಲೆಂಡರ್ ಮೊಳೆಗೆ, ದೇವಸ್ಥಾನದ ಅಡುಗೆ ಮನೆಯ ಬಾಗಿಲಿಗೆ ಸಿಕ್ಕಿಸಿದ ಕಾರ್ಡ್ ನಿಮ್ಮನ್ನು ಕಂಡೇ ಇರದವರ ಕೈಗೂ ಸಿಗುತ್ತದೆ.

ಸಾವಿರದ ಆಟ

ಕಾರ್ಡ್ ಮಾಡಿಸಲು ಡಿಟಿಪಿ ಅಂಗಡಿಗೆ ಹೋದಿರಿ ಎನ್ನಿ. ಮೊದಲ ಮಾತೇ, 'ಸಾವಿರದ ಕೆಳಗ ಬರೂದಿಲ್ರಿ.' ಅವರು ಹೇಳುವುದರಲ್ಲಿ ಅರ್ಧ ನಿಜ. ಆಫ್‌ಸೆಟ್ ಮುದ್ರಣಕ್ಕೆ ಮೊದಲು ಪ್ಲೇಟ್ ಮಾಡಬೇಕು, ಖರ್ಚಿನ ದೊಡ್ಡ ಪಾಲು ಅಲ್ಲೇ. ಹಲವು ಅಂಗಡಿಗಳ ಕಾರ್ಡುಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಕೂಡಿಸಿ ಸಾವಿರ ಪ್ರತಿ ಹೊಡೆದರೆ ಒಂದೊಂದು ಕಾರ್ಡು ಅಗ್ಗವಾಗುತ್ತದೆ. ಇದು ಮುದ್ರಣದ ಲೆಕ್ಕ, ನಿಮ್ಮ ಲೆಕ್ಕ ಬೇರೆ.

ವರ್ಷದಲ್ಲಿ ನಿಮ್ಮ ಕೈಯಿಂದ ಎಷ್ಟು ಕಾರ್ಡ್ ಹೋಗುತ್ತವೆ? ನೂರು ಹೋದರೆ ದೊಡ್ಡದು. ಅಷ್ಟರಲ್ಲಿ ಸಿಮ್ ಬದಲಾಗಿರುತ್ತದೆ, ಅಂಗಡಿ ಬಸ್‌ಸ್ಟ್ಯಾಂಡಿನಿಂದ ಸಂತೆ ಬೀದಿಗೆ ಬಂದಿರುತ್ತದೆ. ಉಳಿದ ಒಂಬೈನೂರು ಅಟ್ಟದ ಮೇಲೆ ಹುಳ ಹಿಡಿಯುತ್ತವೆ. ಒಂದರ ಬೆಲೆ ಕಡಿಮೆ ಎಂದು ಒಂಬೈನೂರು ದಂಡ ಕೊಳ್ಳುವುದು ಉಳಿತಾಯ ಹೇಗಾಗುತ್ತದೆ?

ನೂರು ಮಾಡುವ ದಾರಿ ಸುಲಭ. ಕಾರ್ಡಿನ ಅಳತೆ 90 ಮಿ.ಮೀ. ಅಗಲ, 54 ಮಿ.ಮೀ. ಎತ್ತರ ಇಟ್ಟುಕೊಳ್ಳಿ. ಎ4 ಹಾಳೆ 210ಕ್ಕೆ 297. ಅಡ್ಡಕ್ಕೆ ಎರಡು, ಉದ್ದಕ್ಕೆ ಐದು, ಒಂದು ಹಾಳೆಗೆ 10 ಕಾರ್ಡ್. ನೂರು ಕಾರ್ಡಿಗೆ 10 ಹಾಳೆ. ನಿಮ್ಮೂರಿನ ಕಲರ್ ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಹಾಳೆಯ ಒಂದು ಪ್ರಿಂಟಿಗೆ 20 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು 200 ರೂಪಾಯಿ, ಕಾರ್ಡಿಗೆ 2 ರೂಪಾಯಿ. ದರ ನಿಮ್ಮಲ್ಲಿ ಹೆಚ್ಚುಕಡಿಮೆ ಇರಬಹುದು, ಲೆಕ್ಕ ಹಾಕುವ ರೀತಿ ಇಷ್ಟೇ. ಕಪ್ಪುಬಿಳುಪು ಸಾಕು ಎಂದರೆ ಇನ್ನೂ ಇಳಿಯುತ್ತದೆ.

ಎರಡು ಮಾತು ನೆನಪಿಡಿ. ಒಂದು, ಸಾಮಾನ್ಯ ಜೆರಾಕ್ಸ್ ಹಾಳೆ 70 ಅಥವಾ 75 ಜಿಎಸ್‌ಎಂ, ಅದು ಕಾರ್ಡಿಗೆ ಆಗುವುದಿಲ್ಲ. 250ರಿಂದ 300 ಜಿಎಸ್‌ಎಂ ಹಾಳೆ ಕೇಳಿ, ಅವರ ಮಷೀನಿಗೆ ಅಷ್ಟು ದಪ್ಪ ಹೋಗುತ್ತದೆಯೇ ಎಂದೂ ಕೇಳಿ. ಎರಡು, ಮನೆಯ ಇಂಕ್‌ಜೆಟ್ ಪ್ರಿಂಟರಿನ ಶಾಯಿ ಸಾಮಾನ್ಯವಾಗಿ ಒದ್ದೆ ಕೈ ತಗುಲಿದರೆ ಹರಡುತ್ತದೆ. ಲೇಸರ್ ಪ್ರಿಂಟಿನ ಪುಡಿ ಬಿಸಿಗೆ ಕಾಗದಕ್ಕೆ ಅಂಟಿಕೊಂಡಿರುತ್ತದೆ, ನೀರಿಗೆ ಹರಿಯುವುದಿಲ್ಲ. ಬೆವರು, ಗ್ರೀಸು, ಹಿಟ್ಟಿನ ಕೈಯವರಿಗೆ ಲೇಸರ್ರೇ ಸರಿ. ಕತ್ತರಿಸಲು ಸ್ಟೀಲ್ ಪಟ್ಟಿ, ಒಂದು ಬ್ಲೇಡು, ಅರ್ಧ ಗಂಟೆ ಸಾಕು.

ಅದೂ ಭಾರ ಎನಿಸಿದರೆ ಹೆಸರು, ಕೆಲಸ, ನಂಬರ್ ಇರುವ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿ. ಹಳೇ ಮದುವೆ ಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿ ಒತ್ತಿ. ಗಿರಾಕಿಗೆ ಬೇಕಿರುವುದು ನಂಬರ್.

ಏನು ಬರೆಯಬೇಕು

ಕನ್ನಡದಲ್ಲಿ ಬರೆಯಿರಿ. ನಿಮ್ಮ ಗಿರಾಕಿ ಓದುವುದು ಕನ್ನಡ. 'ಪ್ರೊಪ್ರೈಟರ್', 'ಎಂಟರ್‌ಪ್ರೈಸಸ್' ಎಂದರೆ ಏನು ಕೆಲಸ ಎಂದು ಯಾರಿಗೂ ತಿಳಿಯುವುದಿಲ್ಲ. 'ಸುಟ್ಟ ಮೋಟಾರ್ ವೈಂಡಿಂಗ್ ಮಾಡಲಾಗುತ್ತದೆ' ಎಂದರೆ ತಿಳಿಯುತ್ತದೆ. ಊರು ಕರೆಯುವ ಹೆಸರನ್ನೇ ಹಾಕಿ. ಯಾವ ಊರು, ಯಾವ ವಾರ ರಜೆ, ಅಷ್ಟು ಸಾಕು. ನಂಬರ್ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿರಲಿ, ಕತ್ತಲಲ್ಲಿ ಫೋನಿನ ಟಾರ್ಚ್ ಹಿಡಿದು ಓದುವಂತಿರಬೇಕು. ನಾಲ್ಕು ದೇವರ ಫೋಟೋ ಹಾಕಿದರೆ ನಂಬರಿಗೆ ಜಾಗ ಉಳಿಯುವುದಿಲ್ಲ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ, ಬಿಡಿ.

ಕನ್ನಡ ಎಂದಾಗ ಒಂದು ತೊಡಕಿದೆ. ನೀವು ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಎಷ್ಟೋ ಅಂಗಡಿಗಳಲ್ಲಿ ಇನ್ನೂ ಹಳೇ ನುಡಿ ಅಕ್ಷರಗಳಲ್ಲೇ ಕೆಲಸ. ಒಂದರಿಂದ ಇನ್ನೊಂದಕ್ಕೆ ಹಾಗೇ ಅಂಟಿಸಿದರೆ ಒತ್ತಕ್ಷರ ಒಡೆದು 'ಸ್ತ್ರೀ' ಎನ್ನುವುದು ಏನೇನೋ ಆಗುತ್ತದೆ. ಫೋನಿನಲ್ಲೇ ಕಾರ್ಡ್ ಮಾಡಿದ್ದರೆ ಪಿಡಿಎಫ್ ಆಗಿ ಉಳಿಸಿ, ವಾಟ್ಸಾಪಿನಲ್ಲಿ ಫೋಟೋ ಬದಲು ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆದರೆ ಅಕ್ಷರ ಮಸುಕಾಗುತ್ತದೆ. ಮೊದಲು ಒಂದೇ ಹಾಳೆ ತೆಗೆಸಿ, ಬೇರೆಯವರಿಂದ ಜೋರಾಗಿ ಓದಿಸಿ. ಅಚ್ಚಾದ ನಂಬರನ್ನೇ ನೋಡಿ ಡಯಲ್ ಮಾಡಿ. ನಿಮ್ಮ ಫೋನ್ ಬಡಿದುಕೊಂಡರೆ ಮಾತ್ರ ಉಳಿದ ಒಂಬತ್ತು ಹಾಳೆ.

ಕ್ಯೂಆರ್ ಕೋಡ್ ಹಾಕಿಸುವ ಹುಚ್ಚು ಈಗ ಹೆಚ್ಚಾಗಿದೆ. ಬೇಕಾದರೆ ಹಾಕಿ, ಎಚ್ಚರ ಇರಲಿ. ಕೆಲವು ವೆಬ್‌ಸೈಟುಗಳ ಕೋಡು ಮೊದಲು ಅವರ ಸರ್ವರಿಗೆ ಹೋಗಿ ಆಮೇಲೆ ನಿಮ್ಮ ವಿವರ ತೋರಿಸುತ್ತದೆ. ಉಚಿತ ಅವಧಿ ಮುಗಿದು ಅವರು ನಿಲ್ಲಿಸಿದರೆ ಕಾರ್ಡಿನ ಮೇಲೆ ಉಳಿಯುವುದು ಬರೀ ಚೌಕ. ಅಂಕಿಯಲ್ಲಿ ಬರೆದ ನಂಬರಿಗೆ ಬಾಡಿಗೆ ಕಟ್ಟಬೇಕಿಲ್ಲ.

ಯಾರ ಹೆಸರು?

ಮನೆಯಲ್ಲಿ ಹೊಲಿಗೆ, ರೊಟ್ಟಿ, ಉಪ್ಪಿನಕಾಯಿ, ಹಪ್ಪಳ ಮಾಡುವ ಅಕ್ಕತಂಗಿಯರಿಗೆ ಒಂದು ಮಾತು. ಕೆಲಸ ನಿಮ್ಮದು, ಕಾರ್ಡಿನ ಮೇಲೆ ಯಜಮಾನರ ಹೆಸರು, ಅವರದೇ ನಂಬರ್. ಇದನ್ನು ಒಪ್ಪಬೇಡಿ. ಹಾಗಿದ್ದರೆ ಆರ್ಡರ್ ಅವರ ಕಿವಿಗೆ, ಅಡ್ವಾನ್ಸ್ ಅವರ ಖಾತೆಗೆ, ಕೆಲಸ ಮಾತ್ರ ನಿಮ್ಮ ಕೈಗೆ. ಹೊತ್ತಲ್ಲದ ಹೊತ್ತಿನಲ್ಲಿ ಬರುವ ಕೆಟ್ಟ ಕರೆಗಳ ಭಯ ಸುಳ್ಳಲ್ಲ. ಅದಕ್ಕೆ ಮನೆಯ ನಂಬರ್ ಬಿಟ್ಟು ವ್ಯಾಪಾರಕ್ಕೇ ಬೇರೆ ಸಿಮ್ ಇಟ್ಟುಕೊಳ್ಳಿ, 'ಕರೆ ಸಮಯ ಬೆಳಿಗ್ಗೆ 9ರಿಂದ ಸಂಜೆ 6' ಎಂದು ಅಚ್ಚು ಹಾಕಿಸಿ. ಆ ಭಯದ ನೆಪದಲ್ಲಿ ಹೆಸರನ್ನೇ ಬಿಟ್ಟುಕೊಡಬೇಡಿ.

ಕೊನೆಗೆ ನಮ್ಮದೇ ಕಸುಬಿನ ಮಾತು. ನಾವು ಬಿಡಿ ವರದಿಗಾರರು. ಸುದ್ದಿ ಬೇಕಾದಾಗ 'ನಮ್ಮ ಪ್ರತಿನಿಧಿ' ಎನ್ನುವ ಪತ್ರಿಕೆಗಳು ಕಾರ್ಡ್ ಕೇಳಿದಾಗ ಮಾತು ತೇಲಿಸುತ್ತವೆ. ಹಾಗಾಗಿ ನಮ್ಮ ಕಾರ್ಡನ್ನು ನಾವೇ ಮಾಡಿಕೊಂಡಿದ್ದೇವೆ: ಹೆಸರು, ವರದಿಗಾರ, ಊರು, ನಂಬರ್. ಇಷ್ಟೇ ಇದ್ದರೂ ಜನ ಸುದ್ದಿ ಹೇಳಲು ಫೋನ್ ಮಾಡುತ್ತಾರೆ.

ನಮ್ಮ ಪಕ್ಕದಲ್ಲೇ ಇನ್ನೊಂದು ವ್ಯಾಪಾರ ನಡೆದಿದೆ. ದುಡ್ಡು ಕೊಟ್ಟರೆ 'ಪ್ರೆಸ್' ಕಾರ್ಡ್, ಇನ್ನಷ್ಟು ಕೊಟ್ಟರೆ ತಾಲ್ಲೂಕು ಅಧ್ಯಕ್ಷ ಪಟ್ಟ, ಮೇಲೆ ಮೂರು ಸಿಂಹದ ಮುದ್ರೆ. ಓದಿದ ಹುಡುಗರು ಕೆಲಸ ಸಿಗದೆ ಇದಕ್ಕೆ ದುಡ್ಡು ಸುರಿಯುತ್ತಿದ್ದಾರೆ. ತಿಳಿದಿರಲಿ: ಹಕ್ಕಿಲ್ಲದವರು ಆ ಸಿಂಹ ಲಾಂಛನವನ್ನು ಬಳಸುವುದು 2005ರ ಕಾಯ್ದೆಯ ಪ್ರಕಾರ ಅಪರಾಧ. ಎರಡು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. 'ಪ್ರೆಸ್' ಎಂದು ಅಚ್ಚು ಹಾಕಿಸಿದ ಮಾತ್ರಕ್ಕೆ ಪೊಲೀಸರ ಮುಂದೆಯೂ ಟೋಲ್ ಗೇಟಿನಲ್ಲೂ ಯಾವ ಅಧಿಕಾರವೂ ಹುಟ್ಟುವುದಿಲ್ಲ. ಆ ಕಾರ್ಡ್ ತೋರಿಸಿ ಪಡಿತರ ಅಂಗಡಿಯವರನ್ನು ಹೆದರಿಸುವವರಿಂದ ಕೆಡುವುದು ನಿಜವಾಗಿ ಸುದ್ದಿ ಬರೆಯುವವರ ಮುಖ.

ಪದವಿಯ ಕಾರ್ಡ್ ತೋರಿಸಿದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಕೆಲಸದ ಕಾರ್ಡ್ ಕೊಟ್ಟರೆ ಹತ್ತಿರ ಬಂದು ರೇಟ್ ಕೇಳುತ್ತಾರೆ. ಮುಂದಿನ ಸಂತೆಗೆ ಹೋದಾಗ ಜೆರಾಕ್ಸ್ ಅಂಗಡಿಯಲ್ಲಿ ಹತ್ತು ಹಾಳೆ ತೆಗೆಸಿ. ಮೊದಲ ಕಾರ್ಡನ್ನು ನಿಮ್ಮ ಹೆಸರು ಗೊತ್ತಿಲ್ಲದೆ ನಿಮ್ಮ ಕೆಲಸ ಮೆಚ್ಚಿಕೊಂಡಿರುವ ಗಿರಾಕಿಯ ಕೈಗೇ ಕೊಡಿ.