ಚಹಾದ ಜೊತೆ ಕಬ್ಬಿಣದ ಗುಳಿಗೆಯೆ?



ಡೊಂಬಿವಲಿಯ ಒಂದು ರಕ್ತದಾನ ಶಿಬಿರದಲ್ಲಿ ನಮ್ಮವಳೇ ಒಬ್ಬ ಕಾಲೇಜು ಹುಡುಗಿ ತಪಾಸಣೆಯ ಮೇಜಿನಿಂದಲೇ ಹಿಂದಿರುಗಬೇಕಾಯಿತು. ರಕ್ತ ಕೊಡಲು ಹಿಮೋಗ್ಲೋಬಿನ್ 12.5 ಗ್ರಾಂ ಆದರೂ ಇರಬೇಕು, ಅವಳದು 9.8. "ಡಾಕ್ಟರ್ ಆಂಟಿ, ಆರು ತಿಂಗಳಿಂದ ಗುಳಿಗೆ ತಗೊಳ್ತಾ ಇದ್ದೇನಲ್ಲಾ!" ಎಂದು ಕಣ್ಣು ತುಂಬಿಕೊಂಡಳು. ಯಾವಾಗ ನುಂಗುತ್ತೀ ಎಂದು ಕೇಳಿದೆ. ಬೆಳಿಗ್ಗೆ ಲೋಕಲ್ ಹಿಡಿಯುವ ಅವಸರದಲ್ಲಿ, ಅಮ್ಮ ಕೊಟ್ಟ ಹಾಲಿನ ಚಹಾದ ಜೊತೆಗಂತೆ. ಅದೂ ನೆನಪಾದ ದಿನ ಮಾತ್ರ.

ತಪ್ಪು ಗುಳಿಗೆಯದಲ್ಲ. ಚಹಾಕ್ಕೆ ಒಗರು ರುಚಿ ಕೊಡುವ ಟ್ಯಾನಿನ್ ಕಬ್ಬಿಣವನ್ನು ಹೊಟ್ಟೆಯಲ್ಲೇ ಕಟ್ಟಿಹಾಕಿ ರಕ್ತಕ್ಕೆ ಸೇರಗೊಡುವುದಿಲ್ಲ. ಕಾಫಿಯೂ ಅಷ್ಟೇ, ನಮ್ಮವರಿಗೆ ಇದು ಕಹಿ ಸುದ್ದಿ. ಹಾಲು, ಕ್ಯಾಲ್ಸಿಯಂ ಗುಳಿಗೆ, ಆಮ್ಲಪಿತ್ತದ ಔಷಧಿಗಳೂ ಅಡ್ಡಿ ಮಾಡುತ್ತವೆ. ಇವುಗಳಿಗೂ ಕಬ್ಬಿಣಕ್ಕೂ ಎರಡು ಗಂಟೆಯಾದರೂ ಅಂತರವಿರಲಿ. ಥೈರಾಯಿಡ್ ಗುಳಿಗೆ ತೆಗೆದುಕೊಳ್ಳುವವರು ನಾಲ್ಕು ಗಂಟೆ ಬಿಡಬೇಕು.

ಖಾಲಿ ಹೊಟ್ಟೆಯಲ್ಲಿ ನೀರಿನೊಡನೆಯೋ ಲಿಂಬೆ ಪಾನಕದೊಡನೆಯೋ ತೆಗೆದುಕೊಂಡರೆ ಅದು ಚೆನ್ನಾಗಿ ರಕ್ತಕ್ಕೆ ಸೇರುತ್ತದೆ. ಆದರೆ ಕಲ್ಯಾಣ, ಡೊಂಬಿವಲಿಯಿಂದ ನಸುಕಿನಲ್ಲೇ ಹೊರಡುವವರಿಗೆ ಬೆಳಗಿನ ಚಹಾ ಬಿಡಿಸುವುದು ನನ್ನಿಂದಾಗದ ಕೆಲಸ. ಅವರಿಗೆ ನಾನು ಹೇಳುವುದು ರಾತ್ರಿಯ ಹೊತ್ತು: ಊಟವಾಗಿ ಎರಡು ಗಂಟೆಯ ನಂತರ, ತುಂಬಿದ ಲೋಟ ನೀರಿನೊಡನೆ. ನುಂಗಿದ ತಕ್ಷಣ ಮಲಗಬೇಡಿ. ಗುಳಿಗೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ.

ಇನ್ನೊಂದು ವಿಚಾರ. ಒಂದು ಗುಳಿಗೆ ನುಂಗಿದಾಗ ದೇಹದಲ್ಲಿ ಹೆಪ್ಸಿಡಿನ್ ಎಂಬ ರಸ ಏರಿ, ಸುಮಾರು ಒಂದು ದಿನದ ಮಟ್ಟಿಗೆ ಕಬ್ಬಿಣದ ಬಾಗಿಲನ್ನು ಅರ್ಧ ಮುಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಬ್ಬಿಣದ ದಾಸ್ತಾನು ಕಡಿಮೆಯಿದ್ದ ತರುಣಿಯರಿಗೆ ದಿನ ಬಿಟ್ಟು ದಿನ ಕೊಟ್ಟಾಗ ಗುಳಿಗೆಯ ಹೆಚ್ಚಿನ ಪಾಲು ದೇಹಕ್ಕೆ ಸೇರಿತ್ತು. ನಿಮಗೆ ಯಾವುದು ಸರಿ ಎಂದು ನಿಮ್ಮ ವೈದ್ಯರನ್ನು ಕೇಳಿ. ಮರೆತ ದಿನದ್ದನ್ನು ಸೇರಿಸಿ ಎರಡೆರಡು ನುಂಗುವುದು ಮಾತ್ರ ಬೇಡ.

"ಉಷ್ಣವಾಗುತ್ತದೆ" ಎಂದು ಅಜ್ಜಿ ಬಿಡಿಸಿದರು, ಮಲ ಕಪ್ಪಾಯಿತೆಂದು ಹೆದರಿ ಬಿಟ್ಟೆ: ಇವೆರಡು ಮಾತು ನಾನು ಠಾಣೆಯಲ್ಲೂ ವಾಶಿಯಲ್ಲೂ ಕೇಳಿದ್ದೇನೆ. ಮಲ ಕಪ್ಪಾಗುವುದು ಸಹಜ. (ಅದು ಡಾಂಬರಿನಂತೆ ಅಂಟಂಟಾಗಿ, ಹೊಟ್ಟೆ ನೋವೂ ಇದ್ದರೆ ಕೂಡಲೇ ವೈದ್ಯರನ್ನು ಕಾಣಿರಿ.) ವಾಕರಿಕೆಯಾದರೆ ಊಟದ ನಂತರ ತೆಗೆದುಕೊಳ್ಳಿ. ಸ್ವಲ್ಪ ಕಡಿಮೆ ಸೇರಿದರೂ ಪೂರ್ತಿ ಬಿಡುವುದಕ್ಕಿಂತ ಮೇಲು. ಹಿಮೋಗ್ಲೋಬಿನ್ ಸರಿಹೋದ ಮೇಲೂ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ನಿಮ್ಮ ತಂಗಿಗೆ ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಗುಳಿಗೆ, ಅಂದರೆ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ, ಕೊರತೆ ಬಾರದಂತೆ ತಡೆಯಲು. ಬಂದ ಕೊರತೆಗೆ ಅದು ಸಾಲದು. ಅಜ್ಜಿಯ ಹರಿವೆ ಸೊಪ್ಪು (ಇಲ್ಲಿನ ಲಾಲ್ ಮಾಠ್ ಅದೇ), ನುಗ್ಗೆ ಸೊಪ್ಪು, ಹುರುಳಿ ಸಾರು ಅವಶ್ಯ ಉಣ್ಣಿರಿ, ಆದರೆ 9.8 ಅನ್ನು ಅವು ಮಾತ್ರ ಮೇಲೆತ್ತಲಾರವು.

ಹಾಗೆಂದು ಪರೀಕ್ಷೆಯಿಲ್ಲದೆ ಔಷಧಿ ಅಂಗಡಿಯಿಂದ ತಂದು ನುಂಗಬೇಡಿ. ಥಲಸೇಮಿಯಾ ಮೈನರ್ ಇದ್ದವರಲ್ಲೂ ಹಿಮೋಗ್ಲೋಬಿನ್ ಕಡಿಮೆಯಿರುತ್ತದೆ, ಕಬ್ಬಿಣ ಸಾಕಷ್ಟಿರುತ್ತದೆ. ಫೆರಿಟಿನ್ ಪರೀಕ್ಷೆಯಿಂದ ವ್ಯತ್ಯಾಸದ ಸುಳಿವು ಸಿಗುತ್ತದೆ. ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚಿದ್ದರೆ ನಾಚದೆ ಹೇಳಿರಿ. ಹುಡುಗರೇ, ನಿಮ್ಮದು ಕಡಿಮೆಯಾದರೆ ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಿಸಲೇಬೇಕು.

ಕೊನೆಯದಾಗಿ, ಸಕ್ಕರೆ ಲೇಪದ ಕೆಂಪು ಗುಳಿಗೆ ಮಗುವಿನ ಕಣ್ಣಿಗೆ ಪೆಪ್ಪರ್‌ಮಿಂಟ್. ಕೆಲವೇ ಗುಳಿಗೆಗಳು ಅದರ ಪ್ರಾಣಕ್ಕೆ ಎರವಾಗಬಹುದು. ಒಂದೇ ಕೋಣೆಯ ಮನೆಯಲ್ಲೂ ಡಬ್ಬಿ ಎತ್ತರದಲ್ಲಿರಲಿ. ಮಗು ನುಂಗಿದ್ದು ಗೊತ್ತಾದರೆ ವಾಂತಿಯಾಗುವವರೆಗೆ ಕಾಯದೆ, ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಿರಿ.